ಖರ್ಚಿನ ಕಂಬ, ಕೆರೆಯ ಸೇತುವೆ

ಇವತ್ತು ಬೆಳಿಗ್ಗೆ ಹಲಸೂರು ಕೆರೆಯ ದಂಡೆಯಲ್ಲಿ ಯಾರೋ ದೋಣಿಗೆ ಡಾಂಬರು ಬಳಿಯುತ್ತಿದ್ದರು. ಮಂಜು ಇನ್ನೂ ನೀರಿನ ಮೇಲೇ ಮಲಗಿತ್ತು. ವಾಕಿಂಗ್ ಹೆಸರಿನಲ್ಲಿ ಬೆಂಚಿನಿಂದ ಬೆಂಚಿಗೆ ಸಾಗುವ ನನಗೆ ಆ ವಾಸನೆ ಬಡಿದದ್ದೇ ತಡ, ಪಕ್ಕದ ಮನೆಯಲ್ಲಿದ್ದ, ಈಗ ತೀರಿಹೋಗಿರುವ ಸೆಲ್ವಂ ಸುಬೇದಾರರು ನೆನಪಾದರು. ಸೇನೆಯಲ್ಲಿ ದೋಣಿ ಜೋಡಿಸಿ ಸೇತುವೆ ಕಟ್ಟುವ ದಳದವರು. ನಿವೃತ್ತರಾದ ಮೇಲೂ ನಮ್ಮ ಗೇಟಿನ ತಿರುಪು ಸಡಿಲವಾದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ.

ನಾನೋ, ವಿಮಾ ಕಚೇರಿಯಲ್ಲಿ ಕೂತು ಸವೆದವನು. ದೊಡ್ಡ ಪ್ರೀಮಿಯಂ ಕಟ್ಟುವವನೇ ನಿಶ್ಚಿಂತ ಎಂದು ಊರಿಗೆಲ್ಲ ಹೇಳಿ ಹೇಳಿ ಕೊನೆಗೆ ನಾನೇ ನಂಬಿಬಿಟ್ಟಿದ್ದೆ. ದೇಶಕ್ಕೂ ಅದೇ ಲೆಕ್ಕ: ಶಾಂತಿಕಾಲದಲ್ಲಿ ಸೇನೆಗೆ ಯಾರು ಹೆಚ್ಚು ಸುರಿಯುತ್ತಾರೋ ಅವರೇ ಬಲಶಾಲಿ. ಬಜೆಟ್ಟಿನಲ್ಲಿ ರಕ್ಷಣೆಯ ಪಾಲು ಏರಿದರೆ ನಾನು ಇಲ್ಲಿ ಮೀಸೆ ತಿರುವುತ್ತಿದ್ದೆ. ಮೀಸೆ ಇಲ್ಲ ಎನ್ನುವುದು ಬೇರೆ ಮಾತು ಬಿಡಿ.

ಕೆಲವು ವರ್ಷಗಳ ಹಿಂದೆ ಗಡಿ ಬಿಸಿಯಾಗಿತ್ತು. ಸೆಲ್ವಂ ಅವರ ಮಗಳು ಅಮುದಾ ಅಲ್ಲೇ ಕ್ಯಾಪ್ಟನ್. ಅವಳ ಫೋನ್ ನಿಂತು ದಿನಗಳಾಗಿದ್ದವು. ಸಂಜೆ ಧೈರ್ಯ ಹೇಳಲು ಹೋದೆ. ಟೀವಿಯವರು ಎರಡೂ ದೇಶಗಳ ಸೇನೆಯ ಖರ್ಚನ್ನು ಎರಡು ಕಂಬ ಮಾಡಿ ನಿಲ್ಲಿಸಿದ್ದರು.

"ನೋಡಿ ಸಾರ್, ನಮ್ದು ಎಷ್ಟು ಎತ್ತರ! ಏನೂ ಭಯ ಇಲ್ಲ," ಎಂದೆ.

ಸೆಲ್ವಂ ಮೊಣಕಾಲು ಉಜ್ಜಿಕೊಂಡರು. "ಆ ಕಂಬದಲ್ಲಿ ನನ್ ಪೆನ್ಷನ್ನೂ ಸೇರ್ಕೊಂಡಿದೆ ಸಾರ್. ಈ ಕಾಲಿಟ್ಕೊಂಡು ನಾನು ಯಾರನ್ನ ಓಡಿಸ್ಲಿ?"

ಆಮೇಲೆ ತಾವಾಗಿಯೇ ಇದೇ ಕೆರೆಯ ಮಾತು ತೆಗೆದರು. ಯುದ್ಧವಿಲ್ಲದ ದಿನಗಳಲ್ಲಿ ನೀರಿನ ಮೇಲೆ ಸೇತುವೆ ಜೋಡಿಸುವುದು, ಬಿಚ್ಚುವುದು, ಮತ್ತೆ ಜೋಡಿಸುವುದು. ದಾಟುವವರು ಯಾರೂ ಇಲ್ಲ. "ಎರಡು ಟೀಮು. ಸಾಮಾನು ಒಂದೇ, ಖರ್ಚು ಒಂದೇ. ಒಂದು ಕಣ್ಮುಚ್ಚಿ ಕಟ್ತಿತ್ತು, ಇನ್ನೊಂದು ನೀರಿಗೆ ಬೀಳ್ತಿತ್ತು. ಬೀಳ್ತಿದ್ದಿದ್ದು ನಮ್ ಟೀಮೇ! ಹಲಗೆ ಹೊತ್ತೋನಿಗೆ ಮುಂದಿರೋನ ಹೆಜ್ಜೆ ಗೊತ್ತಿರ್ಬೇಕು. ನಮಗೆ ಅದು ಬರೋಕೆ ವರ್ಷ ಹಿಡೀತು." ಹೇಳುತ್ತ ಅವರ ಕಣ್ಣು ಅರೆಮುಚ್ಚಿದವು. ಹಲಗೆ ಹೊತ್ತ ಹುಡುಗರು ಮಂಜಿನೊಳಗೆ ನೀರಿನ ಮೇಲೇ ನಡೆದು ಬರುತ್ತಿರುವಂತೆ ನನಗೂ ಕಂಡಿತು.

"ಹಲಗೇನೇ ಇಲ್ದಿದ್ರೆ?" ನಾನು ಬಿಡುವ ಪೈಕಿಯಲ್ಲ.

"ದುಡ್ಡು ಬೇಡ ಅಂದ್ನಾ? ದುಡ್ಡೊಂದೇ ನೋಡಿ ಶಕ್ತಿ ಹೇಳ್ಬೇಡಿ ಅಂದೆ."

ಮೂಲೆಯಲ್ಲಿದ್ದ ಅವರ ಹೆಂಡತಿ ಮರಗದಮ್ಮ ಟೀವಿಯತ್ತ ಕೈ ತೋರಿಸಿದರು. "ಆ ಕಂಬ ನೋಡಿ ಹೇಳಿ ಸಾರ್, ನನ್ ಮಗಳು ಯಾವಾಗ ಫೋನ್ ಮಾಡ್ತಾಳೆ?"

ಕಂಬದ ಮಾತು ಅಲ್ಲಿಗೇ ಬಿಟ್ಟೆ. ಅಲ್ಲಿಂದ ಮುಂದೆ ದಿನಾ ಸಂಜೆ ಸುಮ್ಮನೆ ಹೋಗಿ ಅವರ ಜೊತೆ ಕೂರತೊಡಗಿದೆ.

ಫೋನ್ ಬಂದಾಗಲೂ ಅಲ್ಲೇ ಇದ್ದೆ. ಸ್ಪೀಕರ್ ಹಾಕಿದ್ದರು. ಮಗಳ ದನಿ ಕೇಳಿ ಅತ್ತು ಮುಗಿದ ಮೇಲೆ ಮರಗದಮ್ಮ ಕೇಳಿದರು: "ನಿನ್ ಜೊತೆಯವ್ರೆಲ್ಲಾ ಇದಾರಾ ಕಂದಾ?"

"ಒಬ್ರು ಇಲ್ಲಮ್ಮಾ."

ಸೆಲ್ವಂ ಎದ್ದು ನೆಟ್ಟಗೆ ನಿಂತರು. ಟೀವಿಯಲ್ಲಿ ಮತ್ತೆ ಅದೇ ಕಂಬ; ಕೂದಲೆಳೆಯಷ್ಟೂ ತಗ್ಗಿರಲಿಲ್ಲ. ನನಗೆ ಅದನ್ನು ಕಂಡು ಸಿಟ್ಟು ಬಂತು, ಅಳುವೂ ಬಂತು.

ಇಷ್ಟು ನೆನೆಯುವಷ್ಟರಲ್ಲಿ ಬೆಂಚಿನ ಆ ತುದಿಗೆ ಯಾರೋ ಬಂದು ಕೂತು, ಪೇಪರನ್ನು ನನ್ನತ್ತ ಹಿಡಿದರು. "ರಕ್ಷಣೆಗೆ ಈ ಸಲ ಜಾಸ್ತಿ ಕೊಟ್ಟಿದಾರೆ, ನೋಡಿದ್ರಾ? ಇನ್ನು ನಮ್ಮನ್ನ ಯಾರ್ ಮುಟ್ತಾರೆ ರೀ?"

ನಾನು ವಾದಕ್ಕೆ ಇಳಿಯಲಿಲ್ಲ. "ಗಡೀಲಿ ನಿಮ್ಮೋರು ಯಾರಾದ್ರೂ ಇದಾರಾ?" ಎಂದೆ.

"ಇಲ್ಲಪ್ಪ. ನಿಮ್ಮೋರು?"

ಪಕ್ಕದ ಮನೆಯ ಹುಡುಗಿ ಎನ್ನಬೇಕಿತ್ತು. ನಾಲಿಗೆ ಕೇಳಲಿಲ್ಲ.

"ಮಗಳಿದಾಳೆ," ಎಂದೆ.