ಚೆನ್ನಾಗಿದಾನೆ ಅಂದ ದಿನ

ದೊಡ್ಡಬಳ್ಳಾಪುರದ ಆಸ್ಪತ್ರೆಯೊಂದರಲ್ಲಿ ಬೈಪೋಲಾರ್ ಕಾಯಿಲೆಯವರ ಮನೆಯವರಿಗೆ ತಿಳಿವಳಿಕೆ ಹೇಳುವ ಮೇಡಂ ಒಬ್ಬರಿದ್ದರು. ಮೇಜಿನಾಚೆ ಕೂರುತ್ತಿರಲಿಲ್ಲ, ಕುರ್ಚಿ ಎಳೆದುಕೊಂಡು ನಮ್ಮ ಪಕ್ಕಕ್ಕೇ ಬರುತ್ತಿದ್ದರು. ಯಾರು ಏನೇ ಹೇಳಿದರೂ, "ಅದಿರ್ಲಿ, ನಿದ್ದೆ ಹೆಂಗಿದೆ?" ಅನ್ನುತ್ತಿದ್ದರು.

ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗಿದ್ದ ನನ್ನ ತಮ್ಮ ಎದ್ದು ಓಡಾಡತೊಡಗಿದಾಗ, ಅಮ್ಮ ಹೋಳಿಗೆ ಮಾಡಿಕೊಂಡು ತೂಬಗೆರೆಯಿಂದ ಅವರಲ್ಲಿಗೆ ಹೊರಟಳು. ಜೊತೆಗೆ ನಾನಿದ್ದೆ.

"ಚೆನ್ನಾಗಿದಾನೆ ಮೇಡಂ. ಹಾಡ್ತಾನೆ, ನಗ್ತಾನೆ, ಮನೆಗೆಲ್ಲ ಸುಣ್ಣ ಹೊಡೆದ."

"ನಿದ್ದೆ?"

"ಎಲ್ಲಿ ಮಲಗ್ತಾನೆ? ನಿದ್ದೇನೇ ಬೇಡ ಅಂತಾನೆ."

ಮೇಡಂ ಹೋಳಿಗೆ ಡಬ್ಬಿ ಕೆಳಗಿಟ್ಟು ಅಮ್ಮನ ಕೈ ಹಿಡಿದರು. "ಅಮ್ಮಾ, ಇದೂ ಅದೇ ಕಾಯಿಲೆ, ಅದರ ಇನ್ನೊಂದು ಮುಖ. ಇವತ್ತೇ ಕರ್ಕೊಂಡ್ಬನ್ನಿ. ಬೈಬೇಡಿ, ವಾದ ಮಾಡ್ಬೇಡಿ. ಊಟಕ್ಕೆ ಕರೀರಿ."

"ನಗೋದೂ ಕಾಯಿಲೇನಾ?" ಅನ್ನುತ್ತಲೇ ಅಮ್ಮ ಊರಿನ ಬಸ್ಸು ಹತ್ತಿದಳು.

ನಾವು ಮನೆ ಮುಟ್ಟಿದಾಗ ತಮ್ಮ ಸೂರಿನ ಮೇಲೆ ಕೂತು ಹೆಂಚು ಕಿತ್ತು ಎಸೆಯುತ್ತಿದ್ದ, ಮಹಡಿ ಕಟ್ಟುತ್ತಾನಂತೆ. ಸದಾ ಬೈಯುವ ಅಮ್ಮ ಮೆತ್ತಗೆ, "ಬಾರೋ ಮಗ, ಊಟ ಮಾಡೋಣ" ಅಂದಳು. ಇಳಿದು ಬಂದ. ತಟ್ಟೆಗೆ ಕೈ ಹಾಕಿದಾಗ ನೋಡಿದರೆ ಅಂಗೈ ಸೀಳಿ ರಕ್ತ ಸುರಿಯುತ್ತಿತ್ತು. ಅವನಿಗೆ ಅದು ಗೊತ್ತೇ ಆಗಿರಲಿಲ್ಲ, ನಗುತ್ತಲೇ ಇದ್ದ.

ಆ ಕೈಗೆ ಸೆರಗು ಸುತ್ತಿ ಅಮ್ಮ ಅವನನ್ನು ಆಸ್ಪತ್ರೆಗೆ ಕರೆತಂದಳು. ಕೆಲಸದ ಹೊತ್ತು ಮುಗಿದಿದ್ದರೂ ಮೇಡಂ ಬಾಗಿಲಲ್ಲೇ ಕಾಯುತ್ತ ನಿಂತಿದ್ದರು.