ಬೈರಣ್ಣನ ಮೂರು ಅಧಿಕಾರ, ಮನೆಗೆ ಎರಡು ಕ್ಯಾನ್ ನೀರು

ತೂಬಗೆರೆ ದಾಟಿ ಬಸ್ಸು ಎಡಕ್ಕೆ ಹೊರಳುವ ಕಡೆ ಇರುವ ಆ ಊರಿನಲ್ಲಿ, ಕುಡಿಯುವ ನೀರಿನ ಘಟಕದ ಬೀಗದ ಕೈ ಬೈರಣ್ಣನ ಉಡುದಾರದಲ್ಲಿರುತ್ತದೆ. ಅಲ್ಲಿಯ ಬೋರ್‌ವೆಲ್ ನೀರು ದನಕ್ಕೆ, ಪಾತ್ರೆಗೆ ಸರಿ. ಕುಡಿದರೆ ಹಲ್ಲು ಕಂದುಗಟ್ಟುತ್ತದೆ. ಹಾಗಾಗಿ ಇಡೀ ಊರು ಕುಡಿಯುವುದು ಘಟಕದ ನೀರನ್ನೇ. ಘಟಕದ ಸಮಿತಿ ಎಂದರೆ ಬೈರಣ್ಣ. ನಿಯಮ ಮಾಡಿದವನು ಅವನು, ನಲ್ಲಿ ತಿರುಗಿಸುವವನು ಅವನು, ಜಗಳವಾದರೆ ಬಿಡಿಸುವವನೂ ಅವನೇ. ಇದರಲ್ಲಿ ತಪ್ಪೇನಿದೆ ಎಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ, ದೊಡ್ಡಬಳ್ಳಾಪುರದಲ್ಲಿ ನಡೆದ ತರಬೇತಿಗೆ ಹೋಗುವವರೆಗೆ.

ತರಬೇತಿಯಲ್ಲಿ ಅಧಿಕಾರಿಯೊಬ್ಬರು ಸಂವಿಧಾನದ ಬಗ್ಗೆ ಮಾತಾಡಿದರು. ಕಾನೂನು ಮಾಡುವವರು, ಜಾರಿಗೆ ತರುವವರು, ತೀರ್ಪು ಕೊಡುವವರು ಬೇರೆ ಬೇರೆ ಇರಬೇಕು, ದೆಹಲಿಯಲ್ಲೂ ಹಾಗೇ, ಬೆಂಗಳೂರಿನಲ್ಲೂ ಹಾಗೇ, ಮೂರೂ ಒಂದೇ ಕೈಗೆ ಬಂದರೆ ಆ ಕೈ ಕೆಡುತ್ತದೆ ಎಂದರು. ಊಟದಲ್ಲಿ ಚಿತ್ರಾನ್ನ ಇತ್ತು. ಬೈರಣ್ಣ ಅದನ್ನು ಪಕ್ಕಕ್ಕೆ ಸರಿಸಿದ. ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡ.

ಊರಿಗೆ ಬಂದವನೇ ಸಭೆ ಕರೆದು, ಎರಡು ಅಧಿಕಾರ ಬಿಟ್ಟುಕೊಡುತ್ತೇನೆ, ಯಾರಾದರೂ ತೆಗೆದುಕೊಳ್ಳಿ ಎಂದ. ಯಾರೂ ಮುಂದೆ ಬರಲಿಲ್ಲ. ಹಾಲಿನ ಡೇರಿಗೆ ಹೊತ್ತಾಗಿದ್ದ ಸೊಣ್ಣಪ್ಪ ಎದ್ದು, "ನಮ್ಗ್ಯಾಕೆ ಗುರು ಆ ತಲೆನೋವು? ಮೂರೂ ನೀನೇ ಇಟ್ಕೋ. ಬೇಕಾದ್ರೆ ಒಂದರ ವಿಷ್ಯ ಇನ್ನೊಂದಕ್ಕೆ ಹೇಳ್ಬೇಡ, ಆಯ್ತಲ್ಲ" ಎಂದು ಹೊರಟುಹೋದ.

ಸೊಣ್ಣಪ್ಪ ಹೇಳಿದ್ದು ತಮಾಷೆಗೆ. ಬೈರಣ್ಣ ಅದನ್ನು ಸಭೆಯ ತೀರ್ಮಾನ ಎಂದುಕೊಂಡ.

ಅಂದಿನಿಂದ ಬೆಳಿಗ್ಗೆ ಖಾಕಿ ಶರ್ಟು ತೊಟ್ಟು ಘಟಕದಲ್ಲಿ ನಿಲ್ಲುವ ಬೈರಣ್ಣ ಬರೀ ನೀರು ಬಿಡುವವನು. ಸಂಜೆ ಸ್ಕೂಲಿನ ಮುಂದಿನ ಕಲ್ಲುಬೆಂಚಿನಲ್ಲಿ ಕನ್ನಡಕ ಹಾಕಿ ಕೂರುವವನು ನಿಯಮ ಮಾಡುವವನು. ಭಾನುವಾರ ಹೊಂಗೆ ಮರದ ಕೆಳಗೆ ಬಿಳಿ ಟವೆಲ್ ಹೊದ್ದು ಕೂರುವವನು ನ್ಯಾಯ ಹೇಳುವವನು. ಒಂದು ಕಡೆಯ ಮಾತನ್ನು ಇನ್ನೊಂದು ಕಡೆ ಕೇಳಿದರೆ ಉತ್ತರವಿಲ್ಲ. ಹೆಂಡತಿ ಮಾರಕ್ಕ ಒಮ್ಮೆ ಮುದ್ದೆ ಬಡಿಸುತ್ತಾ, "ನೀರು ಬಿಡೋ ಹೊತ್ತು ಒಂಚೂರು ಮುಂದಕ್ಕಾಕ್ರಿ, ಹಾಲು ಕರೆಯೋ ಹೊತ್ಗೇ ಬಿಡ್ತೀರ" ಎಂದಳು.

"ಸಂಜೆ ಬೆಂಚಿನತ್ರ ಬಾ."

ಅವಳು ಹೋದಳು ಕೂಡ. ಬೈರಣ್ಣ ಕನ್ನಡಕ ಸರಿಮಾಡಿಕೊಂಡು, "ಯಾವ ಮನೆಯವರಮ್ಮಾ?" ಎಂದ. ಅವತ್ತು ಮನೆಯಲ್ಲಿ ಸಾರಿಗೆ ಉಪ್ಪು ಬೀಳಲಿಲ್ಲ.

ನಲ್ಲಿ ತಡವಾಗಿ ಬಿಟ್ಟನೆಂದು ಅಮ್ಮಯಮ್ಮ ಎಂಬ ಮುದುಕಿ ದೂರು ಕೊಟ್ಟಾಗ ಹೊಂಗೆ ಮರದ ಬೈರಣ್ಣ ಎದುರುದಾರ ಬೈರಣ್ಣನನ್ನು ಮೂರು ಸಲ ಕೂಗಿದ. ಯಾರೂ ಬರಲಿಲ್ಲ. ಗೈರುಹಾಜರಿ ಎಂದು ಮುಂದೂಡಿದ. ಮುಂದಿನ ಭಾನುವಾರ ಖಾಕಿ ಶರ್ಟಿನ ಮೇಲೆ ಟವೆಲ್ ಹೊದ್ದು ಬಂದು, ತನಗೆ ತಾನೇ ಘಟಕದ ಕಸ ಗುಡಿಸುವ ಶಿಕ್ಷೆ ಕೊಟ್ಟುಕೊಂಡ. ಗುಡಿಸಿದ. ನ್ಯಾಯ ಕೇಳಿದ್ದ ಅಮ್ಮಯಮ್ಮ ಅಯ್ಯೋ ಪಾಪ ಎಂದು ಪೊರಕೆ ತಂದುಕೊಟ್ಟಳು.

ಘಟಕದ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ನಿಯಮ ಬರೆದಿತ್ತು. ದಿನಕ್ಕೆ ಮನೆಗೆ ಎರಡೇ ಕ್ಯಾನ್. ಒಂದು ಮನೆಯ ಕ್ಯಾನ್ ಇನ್ನೊಂದು ಮನೆಗೆ ಹೋಗಕೂಡದು. ಹೊರಗಿನ ಕ್ಯಾನ್ ಊರೊಳಗೆ ಬರಕೂಡದು. ಟೀ ಅಂಗಡಿಯ ಮಸ್ತಾನ್ ತನ್ನ ಮಗಳು ತಂಜೀಲಾಳ ಮದುವೆಗೆ ಹೆಚ್ಚಿಗೆ ನೀರು ಕೇಳಿದ್ದ. ಬೆಂಚಿನವನು ಮರದವನ ಹತ್ತಿರ ಕಳಿಸಿದ, ಮರದವನು ನಿಯಮ ಮಾಡಿದ್ದು ನಾನಲ್ಲ ಎಂದ. ಟೋಪಿ ಕೈಯಲ್ಲಿ ಹಿಡಿದು ಮಸ್ತಾನ್ ಬಹಳ ಹೊತ್ತು ಮರದ ಕೆಳಗೆ ನಿಂತಿದ್ದ. ಕೊನೆಗೆ ಮದುವೆಯಲ್ಲಿ ಎಲ್ಲರಿಗೂ ಗೋಲಿ ಸೋಡಾ ಕೊಟ್ಟ. ಬಿರಿಯಾನಿ ತಿಂದ ನೆಂಟರು ಬಸ್ಸು ಹತ್ತುವವರೆಗೂ ತೇಗುತ್ತಿದ್ದರು.

ಈಗ ಬೈರಣ್ಣನ ಮಗಳು ಅಕ್ಷತಳ ಸೀಮಂತ ಬಂತು. ಹೊಸಕೋಟೆಯಿಂದ ಬೀಗರು, ಅವರ ನೆಂಟರು, ಎರಡು ವ್ಯಾನು ಜನ.

"ಅಪ್ಪಾ, ಬಂದೋರಿಗೆ ನೀರೂ ಕೊಡ್ಲಿಲ್ಲ ಅಂತ ನಮ್ಮತ್ತೆ ಮನೇಲಿ ವರ್ಷಗಟ್ಲೆ ಆಡ್ಕೋತಾರೆ" ಎಂದಳು ಅಕ್ಷತ.

"ಅರ್ಜಿ ಹಾಕ್ತೀನಿ ಕಣಮ್ಮ."

ಹಾಕಿದ. ಬೆಂಚಿನ ಬೈರಣ್ಣ, ನನ್ನ ಮನೆಯ ಕಾರ್ಯಕ್ಕೆ ನಾನೇ ನಿಯಮ ಬದಲಾಯಿಸಿದರೆ ಅದು ಕೈ ಕೆಟ್ಟ ಹಾಗೆಯೇ ಎಂದು ಅರ್ಜಿಯನ್ನು ಮರಕ್ಕೆ ಕಳಿಸಿದ. ಭಾನುವಾರ ಮರದ ಕೆಳಗೆ ಅವನು ಹಿಂದೆಂದೂ ಕೂರದಷ್ಟು ಹೊತ್ತು ಕೂತ. ಮಗಳ ಮುಖ ಕಣ್ಣಿಗೆ ಬರುತ್ತಿತ್ತು. ಅದರ ಹಿಂದೆಯೇ, ಟೋಪಿ ಕೈಯಲ್ಲಿ ಹಿಡಿದ ಮಸ್ತಾನ್ ಬರುತ್ತಿದ್ದ. ಕೊನೆಗೆ ಅರ್ಜಿ ವಜಾ ಎಂದು ಗಟ್ಟಿಯಾಗಿ ಹೇಳಿ ಎದ್ದ. ಕೇಳಿಸಿಕೊಳ್ಳಲು ಅಲ್ಲಿ ಒಂದು ಎಮ್ಮೆ ಮಾತ್ರ ಇತ್ತು.

ಸೀಮಂತದ ದಿನ ಎರಡು ಕ್ಯಾನ್ ನೀರು ಬಳೆ ತೊಡಿಸುವ ಹೊತ್ತಿಗೇ ಮುಗಿಯಿತು. ಎಲೆಗೆ ಹೋಳಿಗೆ ಬಿತ್ತು, ಮೇಲೆ ತುಪ್ಪ ಬಿತ್ತು, ಪಕ್ಕದಲ್ಲಿ ಲೋಟ ಮಾತ್ರ ಖಾಲಿ. ಬೀಗರಾದ ಗೋವಿಂದರಾಜು ಎರಡನೇ ಹೋಳಿಗೆಗೆ ಬಿಕ್ಕಳಿಸಿದರು.

"ಬೀಗ್ರೇ, ನೀರು?"

ಬೈರಣ್ಣ ಕಂಬ ಹಿಡಿದು ನಿಂತಿದ್ದ. ಅಕ್ಷತ ಹೊಸ ಬಳೆಗಳನ್ನು ನೋಡುತ್ತಾ ತಲೆ ತಗ್ಗಿಸಿದಳು.

ಒಳಗಿನಿಂದ ಮಾರಕ್ಕ ಬಂದಳು. "ಎದ್ದು ಕೈ ತೊಳ್ಕೊಳ್ರಣ್ಣ. ನಮ್ಮೂರ ಪದ್ಧತಿ ಒಂದೈತೆ. ಸೀಮಂತದ ಮನೇಲಿ ಊಟ, ಊರ ಮನೆಗಳಲ್ಲಿ ನೀರು. ಒಂದೊಂದು ಬಾಗ್ಲಲ್ಲಿ ಒಂದೊಂದು ಲೋಟ ಕುಡಿದು ಹರಸಿ ಬರ್ಬೇಕು."

ಅಂಥ ಪದ್ಧತಿ ಹಿಂದಿನ ದಿನ ಮಧ್ಯಾಹ್ನದವರೆಗೆ ಆ ಊರಿನಲ್ಲಿ ಇರಲಿಲ್ಲ. ಆದರೆ ಪ್ರತಿ ಬಾಗಿಲಲ್ಲೂ ಒಬ್ಬೊಬ್ಬ ಹೆಂಗಸು ಲೋಟ ಹಿಡಿದು ನಿಂತಿದ್ದಳು. ಎರಡು ವ್ಯಾನು ಜನ ಬಿಕ್ಕಳಿಸುತ್ತಾ ಬೀದಿಗಿಳಿದು ಮನೆಮನೆಗೆ ಹಂಚಿಹೋದರು. "ಎಂಥಾ ಪದ್ಧತಿ ನೋಡ್ರಿ. ಇಂಥವು ನಮ್ಮ ಕಡೆ ಯಾವತ್ತೋ ಹೋದವು" ಎಂದು ಗೋವಿಂದರಾಜು ಅಮ್ಮಯಮ್ಮನ ಜಗಲಿಯ ಮೇಲೆ ಕೂತು ಹೇಳುತ್ತಿದ್ದರು.

ಇದು ನಿಯಮ ಮುರಿದ ಹಾಗಾಯಿತೇ ಎಂದು ಬೈರಣ್ಣ ಯೋಚಿಸಿದ. ಕ್ಯಾನ್ ಯಾವುದೂ ಹೊಸ್ತಿಲು ದಾಟಿರಲಿಲ್ಲ. ದಾಟಿದ್ದು ಜನ. ಜನರ ಬಗ್ಗೆ ಗೋಡೆಯ ಮೇಲೆ ಏನೂ ಬರೆದಿರಲಿಲ್ಲ. ಅಷ್ಟರಲ್ಲಿ ಅವನಿಗೂ ಗಂಟಲು ಒಣಗಿತ್ತು. ಜನರಿಲ್ಲದ ಬಾಗಿಲು ಒಂದೇ ಉಳಿದಿತ್ತು, ಮಸ್ತಾನನದು.

ಮಸ್ತಾನ್ ಲೋಟ ತುಂಬಿಸಿದ, ಕೊಡಲಿಲ್ಲ. "ಯಾವ ಬೈರಣ್ಣ ಕುಡಿಯೋದು? ಅದೊಂದು ಹೇಳ್ಬಿಡಣ್ಣ."

"ಅಕ್ಷತನ ಅಪ್ಪ ಕಣೋ."

"ಹಂಗಾದ್ರೆ ತಗೋ."

ಮರುದಿನ ಸಂಜೆ ಮಸ್ತಾನ್ ಕಲ್ಲುಬೆಂಚಿಗೆ ಬಂದ. ಕಾರ್ಯವಿರುವ ಮನೆಗೆ ಬೇಕಾದಷ್ಟು ಕ್ಯಾನ್ ಕೊಡಬೇಕೆಂದು ಅವನ ಕೋರಿಕೆ. ಬೈರಣ್ಣ ಕನ್ನಡಕ ಏರಿಸಿದ.

"ಯಾವ ಮನೆಯವರಪ್ಪಾ?"

"ನಿನ್ನೆ ನಿಂಗೆ ನೀರು ಕೊಟ್ಟ ಮನೆಯೋರು."

"ಅದು ನಂಗೊತ್ತಿಲ್ಲ. ಕುಡಿದೋನು ಬೇರೆ." ಹಾಗೆಂದು ಬೆಂಚಿನ ಮೇಲೆ ಸರಿದು ಜಾಗ ಕೊಟ್ಟ. ಈಗ ನಮ್ಮನೇಲಿ ಕಾರ್ಯ ಇಲ್ಲ, ಈಗ ಬದಲಾಯಿಸಬಹುದು ಎಂದ. ಕತ್ತಲಾಗುವ ಮುಂಚೆ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಹೊಸ ನಿಯಮ ಬಿತ್ತು.

ಬಣ್ಣದ ಕೈ ತೊಳೆಯಲು ಮನೆಗೆ ಬಂದಾಗ ಮಾರಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಇದನ್ನೇ ಮೊನ್ನೆ ಮಾಡಿದ್ರೆ ಏನಾಗ್ತಿತ್ರೀ?"

"ಅದು ತೀರ್ಪಿನ ವಿಷ್ಯ" ಎಂದ ಬೈರಣ್ಣ. "ಭಾನುವಾರ ಮರದತ್ರ ಬಾ."