ಸೈರನ್ ಹೊತ್ತಿಗೆ ಹುರಿದ ಒಣಮೀನು

ಮೊನ್ನೆ ಶುಕ್ರವಾರ ಊರಿಗೆ ಕಳಿಸುವ ಕಾರ್ಗೋ ಪೆಟ್ಟಿಗೆ ಕಟ್ಟುತ್ತಿದ್ದೆ. ಕಂದು ಟೇಪನ್ನು ಪರ್ರನೆ ಎಳೆದದ್ದೇ ತಡ, ಅಂಟಿನ ವಾಸನೆ ಮೂಗಿಗೆ ಬಡಿಯಿತು. ಅಷ್ಟೇ ಸಾಕಾಯಿತು ನೋಡಿ, ಇಲ್ಲಿ ಕುವೈತಿನ ಸಲ್ವಾದಲ್ಲಿ ನಾವಿದ್ದ ಹಳೇ ಬಿಲ್ಡಿಂಗಿನ ಎದುರು ಮನೆ ಅಕ್ಕ ಸೊಂಟಕ್ಕೆ ಕೈ ಕೊಟ್ಟು ಕಣ್ಣ ಮುಂದೆ ಬಂದು ನಿಂತುಬಿಟ್ಟರು.

ಇರಾಕಿನ ಮೇಲೆ ಅಮೆರಿಕ ಎರಡನೇ ಸಲ ಯುದ್ಧಕ್ಕೆ ಹೋದ ವರ್ಷ ಅದು. ಕುವೈತಿನ ಮೇಲೂ ಮಿಸೈಲ್ ಬೀಳಬಹುದು, ಅದರಲ್ಲಿ ವಿಷದ ಗ್ಯಾಸ್ ಇರಬಹುದು ಅಂತ ಎಲ್ಲರಿಗೂ ಹೆದರಿಕೆ. ಒಂದು ಕೋಣೆಯ ಸಂದುಗೊಂದಿಗೆಲ್ಲ ಪ್ಲಾಸ್ಟಿಕ್ ಹೊದಿಸಿ ಟೇಪ್ ಹಚ್ಚಬೇಕು, ಸೈರನ್ ಕೂಗಿದರೆ ಅದರೊಳಗೆ ಕೂರಬೇಕು, ಊಟದ ಸಾಮಾನೂ ಅಲ್ಲೇ ಇರಬೇಕು. ನನಗೆ ಒಂದೇ ಚಿಂತೆ. ನಾಲ್ಕು ವರ್ಷದ ಮಗಳಿಗೆ ದಮ್ಮಿನ ಕಾಯಿಲೆ. ಗಾಳಿಯಾಡದ ಕೋಣೆಯಲ್ಲಿ ಅವಳು ಉಸಿರಾಡುವುದು ಹೇಗೆ? ಗಂಡನಿಗೆ ಶುವೈಖಿನ ಗ್ಯಾರೇಜಿನಲ್ಲಿ ರಜೆಯಿಲ್ಲ, ಊರಿನ ವಿಮಾನದಲ್ಲಿ ಸೀಟಿಲ್ಲ. ಅಳುವುದೊಂದು ಬಾಕಿಯಿತ್ತು.

ಅಕ್ಕ ಉಳ್ಳಾಲದ ಕಡೆಯ ಬ್ಯಾರಿ ಹೆಂಗಸು. ಹಿಂದೆ ಇರಾಕಿನವರು ಕುವೈತಿಗೇ ನುಗ್ಗಿದಾಗ ಇಲ್ಲೇ ಸಿಕ್ಕಿಹಾಕಿಕೊಂಡು, ಒಣ ಖುಬ್ಬೂಸ್ ರೊಟ್ಟಿಯನ್ನು ನೀರಿಗದ್ದಿ ತಿಂದು ಬದುಕಿದವರು. ಹಸಿವೆಯೊಂದನ್ನು ಬಿಟ್ಟು ಬೇರೆ ಯಾವುದಕ್ಕೂ ಹೆದರುವ ಜನವಲ್ಲ. ಮಹಡಿಯ ಹೆಂಗಸರನ್ನೆಲ್ಲ ಒಟ್ಟು ಹಾಕಿ ತಮ್ಮ ದೊಡ್ಡ ಕೋಣೆಗೆ ಟೇಪ್ ಹಚ್ಚಿಸಿದರು. ತಾವು ಸ್ಟೂಲಿನ ಮೇಲೆ ಕೂತು, ಅಲ್ಲಿ ಬಿಟ್ಟಿದ್ದೀ, ಇಲ್ಲಿ ಬಿಟ್ಟಿದ್ದೀ ಅಂತ ಬೈಯುವುದು. ಕುಚ್ಚಲಕ್ಕಿ, ನೀರು, ಉಪ್ಪಿನಕಾಯಿ ಎಲ್ಲ ಒಳಗೆ ಬಂತು. ಜೊತೆಗೆ ಊರಿಂದ ತರಿಸಿದ ಒಣ ನಂಗ್ ಮೀನಿನ ದೊಡ್ಡ ಚೀಲ! ಹೊರಗಿನ ಗ್ಯಾಸ್ ಒಳಗೆ ಬರದ ಹಾಗೆ ಅಷ್ಟು ಕಷ್ಟಪಟ್ಟೆವು, ಒಳಗಿನ ವಾಸನೆಯೂ ಹೊರಗೆ ಹೋಗುವುದಿಲ್ಲ ಅಂತ ಒಬ್ಬಳಿಗೂ ಹೊಳೆಯಲಿಲ್ಲ. ನಮ್ಮ ಕರಾವಳಿಯವರಿಗೆ ಒಣಮೀನಿನ ವಾಸನೆಯೂ ಒಂದು ವಾಸನೆಯಾ...

ಮೊದಲ ಸೈರನ್ ಹಾಡುಹಗಲೇ ಕೂಗಿತು. ಓಡಿ ಒಳಗೆ ಸೇರಿದೆವು, ಅಕ್ಕ ಬಾಗಿಲಿಗೆ ಟೇಪ್ ಎಳೆದರು. ಸ್ವಲ್ಪ ಹೊತ್ತಿಗೆಲ್ಲ ಆ ಸೆಖೆಗೆ ಮೀನು ತನ್ನ ಪ್ರತಾಪ ತೋರಿಸಿತು. ಮಗಳ ಎದೆ ಸುಯ್ ಸುಯ್ ಅನ್ನತೊಡಗಿತು. ಬಾಯಿಗೆ ದಮ್ಮಿನ ಪಂಪ್ ಒತ್ತಿದೆ, ಇಳಿಯಲಿಲ್ಲ. ತುಟಿಯ ಬಣ್ಣ ತಿರುಗಿತು...

ಅಕ್ಕ ಮಗುವಿನ ಮುಖ ನೋಡಿದರು, ಚೀಲ ನೋಡಿದರು, ಅದನ್ನೆತ್ತಿಕೊಂಡು ಎದ್ದರು. ಚೀಲವನ್ನು ಹೊರಗೆ ಬಾಗಿಲ ಬುಡದಲ್ಲಿಟ್ಟರೆ ವಾಸನೆ ಮತ್ತೆ ಒಳಗೇ. ಅಡುಗೆಮನೆ ತನಕ ಹೋಗಿ ಬರುವಷ್ಟು ಹೊತ್ತು ಬಾಗಿಲು ತೆರೆದಿಡಲು ಅವರು ಸುತರಾಂ ಒಪ್ಪಲಿಲ್ಲ.

“ನಾನು ಹೊರಗೆ ಹೋದ ಕೂಡಲೇ ಟೇಪ್ ಹಚ್ಚು ಮಾರಾಯ್ತಿ. ನಾನೇ ಕರೆದರೂ ತೆಗೀಬೇಡ.”

ಹಚ್ಚಿದೆ. ಮೆಲ್ಲ ಮೆಲ್ಲಗೆ ಮಗಳ ಎದೆ ಹಗುರಾಯಿತು, ತುಟಿಗೆ ಬಣ್ಣ ಬಂತು. ಹೊರಗೆ ಅಕ್ಕನ ಸದ್ದು ಮಾತ್ರ ಇಲ್ಲ. ನಮ್ಮಲ್ಲಿ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಪಾಯ ಕಳೆಯಿತು ಅನ್ನುವ ಸೈರನ್ ಬಂದದ್ದೇ ಟೇಪ್ ಕಿತ್ತು ಓಡಿದೆವು. ಅಕ್ಕ ಒಲೆ ಮುಂದೆ ನಿಂತಿದ್ದರು. ಮೂಗಿಗೆ ಒದ್ದೆ ಶಾಲು, ಅದೇ ಅವರ ಗ್ಯಾಸ್ ಮಾಸ್ಕ್. ಬಾಣಲೆಯ ತೆಂಗಿನೆಣ್ಣೆಯಲ್ಲಿ ನಂಗ್ ಚರಚರ ಅನ್ನುತ್ತಿತ್ತು! ಸುಮ್ಮನೆ ನಿಂತು ಸಾಯುವುದಕ್ಕಿಂತ ಹುರಿಯುತ್ತಾ ಸಾಯುವ ಅನಿಸಿತಂತೆ. ಮಗಳನ್ನು ಬಾಲ್ಕನಿಯಲ್ಲಿ ಕೂರಿಸಿ, ಕಿಟಕಿಗಳನ್ನೆಲ್ಲ ತೆರೆದು ಗಂಜಿ ಬಡಿಸಿದರು. ಯುದ್ಧ ಗೆದ್ದವರ ಹಾಗೆ ಉಂಡೆವು, ನಕ್ಕು ನಕ್ಕು ಕಣ್ಣಲ್ಲಿ ನೀರು. ಆಮೇಲೆ ಎಷ್ಟು ಸಲ ಸೈರನ್ ಕೂಗಿದರೂ ನಾನು ಅಳಲಿಲ್ಲ.

ಅಕ್ಕ ಊರು ಸೇರಿದ ಮೇಲೂ ಪ್ರತಿ ಕಾರ್ಗೋ ಪೆಟ್ಟಿಗೆಯ ಒಂದು ಮೂಲೆ ಅವರದ್ದೇ, ಹಾಲಿನ ಪುಡಿ, ಕಾಲುನೋವಿನ ಎಣ್ಣೆ ಅಂತ. ಹೋದ ವರ್ಷ ತೀರಿಕೊಂಡರು. ಈ ಸಲ ಆ ಮೂಲೆಗೆ ಏನು ತುಂಬಿಸಬೇಕೋ ತಿಳಿಯದೆ ಹಾಗೇ ಟೇಪ್ ಹಾಕಿದೆ. ತುಂಬಾ ಬೇಜಾರಾಯಿತು.

ಸಂಜೆ ನಂಗ್ ಹುರಿದೆ. ಮನೆಯೆಲ್ಲ ಘಾಟು. ಅಭ್ಯಾಸಬಲದಿಂದ ಕಿಟಕಿ ತೆರೆಯಲು ಹೋದರೆ ಮಗಳು ಕೈ ಹಿಡಿದಳು. ದಮ್ಮು ಬಿಟ್ಟು ವರ್ಷಗಳೇ ಆಯಿತು ಅವಳಿಗೆ.

“ಲೀವ್ ಇಟ್ ಅಮ್ಮಾ,” ಅಂದಳು. “ಸ್ವಲ್ಪ ಹೊತ್ತು ಇರಲಿ.”

ಅಲ್ಲೇ ನಿಂತು ಎದೆ ತುಂಬ ಉಸಿರೆಳೆದುಕೊಂಡಳು.